ಮಾರಿದವನೇ ಹೊಣೆ ಹೊರಲಿ

2024ರ ನವೆಂಬರ್. ಬಳ್ಳಾರಿಯ ಸರ್ಕಾರಿ ಆಸ್ಪತ್ರೆಗೆ ಹೆರಿಗೆಗೆಂದು ಹೋದ ಹೆಣ್ಣುಮಕ್ಕಳು ಹೆಣವಾಗಿ ಮನೆಗೆ ಬಂದರು. ಒಬ್ಬರಲ್ಲ, ಇಬ್ಬರಲ್ಲ. ಕೆಲವೇ ವಾರಗಳಲ್ಲಿ ಐವರು. ಸಿಸೇರಿಯನ್ ಆಯಿತು. ಕೈಗೆ ರಿಂಗರ್ ಲ್ಯಾಕ್ಟೇಟ್ ಡ್ರಿಪ್ ಏರಿಸಿದರು. ಆಮೇಲೆ ಕಿಡ್ನಿ ಕೈಕೊಟ್ಟಿತು. ಒಂದೊಂದೇ ಅಂಗ ಸೋತಿತು. ಹಾಲು ಕುಡಿಯುವ ಕೂಸುಗಳು ತಬ್ಬಲಿಯಾದವು.

ಅನುಮಾನ ನೆಟ್ಟಿದ್ದು ಆ ಡ್ರಿಪ್ಪಿನ ಮೇಲೆ. ತಯಾರಿಸಿದ್ದು ಪಶ್ಚಿಮ ಬಂಗಾ ಫಾರ್ಮಾಸ್ಯುಟಿಕಲ್ಸ್. ಅದರ ಕೆಲವು ಬ್ಯಾಚುಗಳು ಗುಣಮಟ್ಟದ್ದಲ್ಲ ಎಂದು ನಮ್ಮ ರಾಜ್ಯದ ಪ್ರಯೋಗಾಲಯ ಮೊದಲೇ ಹೇಳಿತ್ತು. ಕೇಂದ್ರದ ಪ್ರಯೋಗಾಲಯ ಸರಿಯಿದೆ ಎಂದಿತು. ಒಬ್ಬರು ಬೇಡ ಅಂದ ಬಾಟಲಿ, ಇನ್ನೊಬ್ಬರು ಬೇಕು ಅಂದ ಬಾಟಲಿ. ಈ ಜಗಳ ಯಾರ ಮೈಮೇಲೆ ನಡೆಯಿತು? ಹಸಿ ಬಾಣಂತಿಯರ ಮೈಮೇಲೆ!

ಸಾವುಗಳಾದ ಮೇಲೆ ಕಂಪನಿ ಕಪ್ಪುಪಟ್ಟಿಗೆ ಹೋಯಿತು. ರಾಜ್ಯದ ಔಷಧ ನಿಯಂತ್ರಕರು ಅಮಾನತಾದರು. ಸತ್ತವರ ಮನೆಗೆ ಪರಿಹಾರ ಘೋಷಿಸಿದ್ದು ಯಾರು? ಸರ್ಕಾರ. ಅಂದರೆ ನಾವು. ನಮ್ಮ ತೆರಿಗೆ. ಡ್ರಿಪ್ಪಿಗೂ ನಮ್ಮದೇ ದುಡ್ಡು, ಹೆಣಕ್ಕೂ ನಮ್ಮದೇ ದುಡ್ಡು. ಲಾಭ ಮಾತ್ರ ಅವರದು. ಇದು ಯಾವ ಸೀಮೆಯ ನ್ಯಾಯ?

ಕಥೆ ಅಲ್ಲಿಗೂ ನಿಲ್ಲಲಿಲ್ಲ. ಡಿಸೆಂಬರ್‌ನಲ್ಲಿ ಬಂಗಾಳ ಸರ್ಕಾರ ಅದೇ ಕಂಪನಿಗೆ ಉತ್ಪಾದನೆ ನಿಲ್ಲಿಸು ಅಂದಿತು. ಆದರೆ ಆಸ್ಪತ್ರೆಗಳಲ್ಲಿ ದಾಸ್ತಾನು ಹಾಗೇ ಇತ್ತು. 2025ರ ಜನವರಿಯಲ್ಲಿ ಮಿಡ್ನಾಪುರದ ಸರ್ಕಾರಿ ಆಸ್ಪತ್ರೆಯಲ್ಲಿ ಮತ್ತೊಬ್ಬ ಬಾಣಂತಿ ಸತ್ತಳು. ಆಗ ಹನ್ನೆರಡು ಮಂದಿ ವೈದ್ಯರು ಅಮಾನತಾದರು. ವೈದ್ಯರ ತಪ್ಪಿದ್ದರೆ ಶಿಕ್ಷೆಯಾಗಲಿ. ಆದರೆ ಬಳ್ಳಾರಿಯಲ್ಲಿ ಅಷ್ಟು ರಂಪವಾದ ಮೇಲೂ ಒಂದೊಂದು ಬಾಟಲಿಯನ್ನೂ ವಾಪಸು ಎತ್ತಿಕೊಂಡು ಹೋಗಬೇಕಾದ ಕಂಪನಿ ಎಲ್ಲಿ ಮಲಗಿತ್ತು?

ಅದೇ ವರ್ಷ ಮಧ್ಯಪ್ರದೇಶದ ಛಿಂದ್ವಾಡಾ. ಕೋಲ್ಡ್ರಿಫ್ ಎಂಬ ಕೆಮ್ಮಿನ ಸಿರಪ್. ತಮಿಳುನಾಡಿನ ಪ್ರಯೋಗಾಲಯ ಪರೀಕ್ಷಿಸಿದಾಗ ಅದರಲ್ಲಿ ಶೇಕಡಾ 48.6 ಡೈಎಥಿಲೀನ್ ಗ್ಲೈಕಾಲ್. ಇರಬಹುದಾದ ಮಿತಿ ಶೇಕಡಾ 0.1. ಅರ್ಧ ಬಾಟಲಿ ವಿಷ! ಇಪ್ಪತ್ತಕ್ಕೂ ಹೆಚ್ಚು ಮಕ್ಕಳು ಸತ್ತರು. ಮೊದಲು ಬಂಧಿಸಿದ್ದು ಚೀಟಿ ಬರೆದ ವೈದ್ಯರನ್ನು. ವಿಷ ತುಂಬಿಸಿದ ಕಾರ್ಖಾನೆಯ ಮಾಲೀಕನ ಸರದಿ ಆಮೇಲೆ ಬಂತು.

ಕಾನೂನು ಇಲ್ಲವೇ? ಇದೆ. ಕಲಬೆರಕೆ ಔಷಧದಿಂದ ಸಾವಾದದ್ದು ಸಾಬೀತಾದರೆ ಜೀವಾವಧಿಯವರೆಗೂ ಶಿಕ್ಷೆ ಕೊಡಬಹುದು. ಆದರೆ ಸಾಬೀತು ಮಾಡುವವರು ಯಾರು? ಬರೀ ‘ಗುಣಮಟ್ಟದ್ದಲ್ಲ’ ಎಂದು ಬರೆದುಬಿಟ್ಟರೆ ಒಂದೆರಡು ವರ್ಷ ಸೆರೆ, ಕನಿಷ್ಠ 20,000 ರೂಪಾಯಿ ದಂಡ. ಅದನ್ನೂ 2023ರಲ್ಲಿ ಸಂಸತ್ತು ಜನ ವಿಶ್ವಾಸ ಕಾಯ್ದೆಯ ಹೆಸರಲ್ಲಿ ರಾಜಿ ಮಾಡಿಕೊಳ್ಳಬಹುದಾದ ಅಪರಾಧ ಮಾಡಿಟ್ಟಿತು. ಯಾರ ವಿಶ್ವಾಸ ಗಳಿಸಲು? ಬಾಣಂತಿಯದೇ? ಕಾರ್ಖಾನೆಯವನದೇ?

2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಉತ್ಪನ್ನದ ಹೊಣೆಗಾರಿಕೆಗೆ ಒಂದು ಅಧ್ಯಾಯವೇ ಇದೆ. ಸರಿ. ಸರ್ಕಾರಿ ವಾರ್ಡಿನಲ್ಲಿ ಪುಕ್ಕಟೆ ಡ್ರಿಪ್ ಹಾಕಿಸಿಕೊಂಡು ಸತ್ತವಳ ಗಂಡ ಯಾವ ಬಿಲ್ಲು ಹಿಡಿದು ಯಾವ ಆಯೋಗದ ಮೆಟ್ಟಿಲು ಹತ್ತಬೇಕು? ಕೂಲಿ ಬಿಟ್ಟು ಎಷ್ಟು ವರ್ಷ ಅಲೆಯಬೇಕು?

ಕೊಳೆತ ಟೊಮೆಟೊ ಬಂದರೆ ಸಂತೆಯ ಅಜ್ಜಿ ತಕರಾರಿಲ್ಲದೆ ಬದಲಿಸಿ ಕೊಡುತ್ತಾಳೆ. ಕೋಟಿಗಟ್ಟಲೆ ಟೆಂಡರ್ ಹೊಡೆಯುವವರಿಗೆ ಆ ಮರ್ಯಾದೆಯೂ ಇಲ್ಲವೇ? ಅಗ್ಗದ ದರ ಎಂದು ಕಣ್ಣು ಮುಚ್ಚಿ ಸಹಿ ಹಾಕುವ ಅಧಿಕಾರಿಗಳೇ, ಆ ಬಾಟಲಿಯನ್ನು ನಿಮ್ಮ ಮಗಳಿಗೆ ಏರಿಸುತ್ತೀರಾ?

ನಮ್ಮನ್ನಾಳುವವರು ತಾವಾಗಿ ಕೇಳಿಸಿಕೊಳ್ಳುವವರಲ್ಲ. ಮತ ಕೇಳಲು ನಿಮ್ಮ ಬಾಗಿಲಿಗೆ ಬಂದಾಗ ಹಿಡಿದು ನಿಲ್ಲಿಸಿ ಕೇಳಿ: ಫೇಲಾದ ಬ್ಯಾಚಿನ ಪಟ್ಟಿಯನ್ನು ಪ್ರತಿ ಆಸ್ಪತ್ರೆಯ ಗೋಡೆಗೆ ಯಾವಾಗ ಅಂಟಿಸುತ್ತೀರಿ? ಪರಿಹಾರದ ಹಣವನ್ನು ಕಂಪನಿಯಿಂದ ಯಾವಾಗ ವಸೂಲಿ ಮಾಡುತ್ತೀರಿ? ಅದರ ನಿರ್ದೇಶಕರನ್ನು ಕಟಕಟೆಯಲ್ಲಿ ಯಾವಾಗ ನಿಲ್ಲಿಸುತ್ತೀರಿ? ಉತ್ತರ ಕೊಡುವ ತನಕ ಬಾಗಿಲು ಬಿಟ್ಟು ಕದಲಲು ಬಿಡಬೇಡಿ.