ಒಬ್ಬ ಉಮೇದುವಾರ, ಎರಡು ಕ್ಷೇತ್ರ

ಬಸವಕಲ್ಯಾಣದಲ್ಲಿ ಮನೆಯನ್ನೂ ಹುಮನಾಬಾದಿನಲ್ಲಿ ಅಂಗಡಿಯನ್ನೂ ಉಳ್ಳ ಗೃಹಸ್ಥರು ನಮ್ಮ ವಾಚಕರಲ್ಲಿ ಕೆಲವರಾದರೂ ಇರಬಹುದು. ಇಂಥವರು ಎರಡೂ ಕ್ಷೇತ್ರಗಳ ಮತದಾರರ ಪಟ್ಟಿಯಲ್ಲಿ ಹೆಸರು ಬರೆಯಿಸುವಂತಿಲ್ಲ. 1950ರ ಪ್ರಜಾಪ್ರತಿನಿಧಿತ್ವ ಕಾಯಿದೆಯ 17ನೆಯ ಕಲಮು ಅದನ್ನು ನಿಷೇಧಿಸಿರುವದು. ಸುಳ್ಳು ಹೇಳಿಕೆಯನ್ನು ಕೊಟ್ಟು ಬರೆಯಿಸಿದರೆ ಒಂದು ವರ್ಷದವರೆಗೆ ಸೆರೆವಾಸವಾಗಬಹುದು. ಎರಡೂ ಕಡೆ ಮತ ಹಾಕಿದರಂತೂ ಎರಡೂ ಮತಗಳು ಅಸಿಂಧುವಾಗುವವು. ಇದು ನ್ಯಾಯವೇ ಸರಿ. ಆದರೆ ಅದೇ ಗೃಹಸ್ಥರು ಏಕಕಾಲಕ್ಕೆ ಈ ಎರಡು ಕ್ಷೇತ್ರಗಳಿಂದ ವಿಧಾನಸಭೆಗೆ ನಿಲ್ಲಬಯಸಿದರೆ ಕಾಯಿದೆಯ ಅಡ್ಡಿಯೇನೂ ಇಲ್ಲ. ಮತ ಕೊಡುವವನಿಗೆ ಒಂದು, ಮತ ಬೇಡುವವನಿಗೆ ಎರಡು! ಈ ಭೇದಕ್ಕೆ ಆಧಾರವೇನೆಂಬುದು ನಮಗೆ ತಿಳಿಯದಾಗಿದೆ.

ಮೊದಲು ಇಷ್ಟು ಮಿತಿಯೂ ಇರಲಿಲ್ಲ. 1957ರಲ್ಲಿ ಶ್ರೀ ವಾಜಪೇಯಿಯವರು ಲೋಕಸಭೆಗೆ ಮೂರು ಕಡೆ ನಿಂತು ಬಲರಾಮಪುರವೊಂದರಲ್ಲಿ ಗೆದ್ದರು. 1985ರಲ್ಲಿ ಆಂಧ್ರದ ಶ್ರೀ ಎನ್. ಟಿ. ರಾಮರಾಯರು ಮೂರು ಕಡೆ ನಿಂತು ಮೂರನ್ನೂ ಗೆದ್ದರು. 1990ರ ಗೋಸ್ವಾಮಿ ಸಮಿತಿಯು ಸೂಚಿಸಿದ ಮೇಲೆ, 1996ರ ತಿದ್ದುಪಡಿಯಿಂದ ‘ಎರಡು’ ಎಂಬ ಮಿತಿಯು ಬಂದಿತು. ಎರಡರಲ್ಲಿಯೂ ಗೆದ್ದವರು ಒಂದನ್ನು 14 ದಿವಸಗಳೊಳಗೆ ಬಿಡತಕ್ಕದ್ದು. ಬಿಡದಿದ್ದರೆ ಎರಡೂ ಹೋಗುವವು.

ಬಿಟ್ಟ ಊರಿನವರ ಗತಿಯೇನು? 1999ರಲ್ಲಿ ಬಳ್ಳಾರಿಯ ಮತದಾರರು ಶ್ರೀಮತಿ ಸೋನಿಯಾ ಗಾಂಧಿಯವರನ್ನು ಆರಿಸಿದರು. ಅವರು ಅಮೇಠಿಯನ್ನು ಇಟ್ಟುಕೊಂಡರು, ಬಳ್ಳಾರಿಗೆ 2000ದಲ್ಲಿ ಉಪಚುನಾವಣೆ ಬಂದಿತು. 2018ರ ಮೇ ತಿಂಗಳಲ್ಲಿ ಶ್ರೀ ಕುಮಾರಸ್ವಾಮಿಯವರು ಚನ್ನಪಟ್ಟಣ, ರಾಮನಗರಗಳೆರಡನ್ನೂ ಗೆದ್ದು ರಾಮನಗರವನ್ನು ತೆರವು ಮಾಡಿದರು. ನವೆಂಬರದಲ್ಲಿ ಅಲ್ಲಿಯವರು ಮತ್ತೆ ಮತಗಟ್ಟೆಗೆ ನಡೆದರು. ಮುಖ್ಯ ಪ್ರತಿಸ್ಪರ್ಧಿಯು ಮತದಾನಕ್ಕೆ ಎರಡು ದಿವಸ ಮುಂಚೆ ಕಣವನ್ನೇ ಬಿಟ್ಟರು. ಮುಖ್ಯಮಂತ್ರಿಗಳ ಪತ್ನಿಯವರು ಲಕ್ಷಕ್ಕೆ ಮಿಕ್ಕಿದ ಅಂತರದಿಂದ ಗೆದ್ದರು. ಇದಕ್ಕೆ ಚುನಾವಣೆಯೆಂದು ಹೆಸರು. ಈ ಚಾಳಿಯಲ್ಲಿ ಪಕ್ಷಭೇದವಿಲ್ಲ. ಅದೇ ವರ್ಷ ಶ್ರೀ ಶ್ರೀರಾಮುಲು ಅವರೂ, 2023ರಲ್ಲಿ ಶ್ರೀ ಆರ್. ಅಶೋಕ, ಶ್ರೀ ವಿ. ಸೋಮಣ್ಣ ಅವರೂ ಎರಡೆರಡು ಕಡೆ ನಿಂತರು. ಸೋಮಣ್ಣನವರು ಎರಡರಲ್ಲಿಯೂ ಸೋತರು.

ಎದುರು ವಾದವೂ ಉಂಟು. 2018ರಲ್ಲಿ ಶ್ರೀ ಸಿದ್ಧರಾಮಯ್ಯನವರು ಚಾಮುಂಡೇಶ್ವರಿಯಲ್ಲಿ ಸೋತು ಬಾದಾಮಿಯಲ್ಲಿ 1,696 ಮತಗಳಿಂದ ಗೆದ್ದರು. ಬಾದಾಮಿ ಇರದಿದ್ದರೆ ಅನುಭವಸ್ಥ ಮುಖಂಡರೊಬ್ಬರು ವಿಧಾನಸಭೆಯ ಹೊರಗುಳಿಯುತ್ತಿದ್ದರು ಎನ್ನುವರು. ಈ ಮಾತಿನಲ್ಲಿ ತೂಕವಿಲ್ಲವೆಂದು ನಾವು ಹೇಳೆವು. ಆದರೆ ಮುಖಂಡನನ್ನು ಬೇಡವೆನ್ನುವ ಅಧಿಕಾರವು ಮತದಾರನಿಗೆ ಇದೆಯೋ ಇಲ್ಲವೋ? ಸೋಲಿನ ಭಯವೇ ಇಲ್ಲದಂತೆ ಮಾಡಿಕೊಂಡವನು ಕ್ಷೇತ್ರದ ದೂರುಗಳಿಗೆ ಕಿವಿಗೊಡುವದು ಕಷ್ಟ.

ಉಪಚುನಾವಣೆಯ ಭಾರವನ್ನು ಬಸವಕಲ್ಯಾಣದವರಿಗೆ ನಾವು ಬಣ್ಣಿಸಬೇಕಾಗಿಲ್ಲ. 2020ರ ಸೆಪ್ಟೆಂಬರದಲ್ಲಿ ಶಾಸಕ ಶ್ರೀ ಬಿ. ನಾರಾಯಣರಾವ್ ಅವರು ಕೋವಿಡ್ ರೋಗದಿಂದ ಮೃತರಾದರು. 2021ರ ಏಪ್ರಿಲ್ 17ರಂದು, ಆ ರೋಗದ ಎರಡನೆಯ ಅಲೆಯು ಏರುತ್ತಿದ್ದಾಗ, ಮತದಾನವಾಯಿತು. ಸಾವಿನಿಂದ ಬಂದ ತೆರವು, ಯಾರನ್ನೂ ದೂರುವಂತಿರಲಿಲ್ಲ. ಆದರೂ ಆ ದಿವಸಗಳಲ್ಲಿ ಶಿಕ್ಷಕರೂ ಪೋಲೀಸರೂ ಕಚೇರಿಯ ನೌಕರರೂ ಮತಗಟ್ಟೆಗಳಲ್ಲಿ ಕುಳಿತುಕೊಳ್ಳಬೇಕಾಯಿತು. ಮೇಲಾಗಿ, ನಮ್ಮಂಥ ಜಿಲ್ಲೆಗಳಲ್ಲಿ ಉಪಚುನಾವಣೆಯ ನೀತಿಸಂಹಿತೆಯು ಸಾಮಾನ್ಯವಾಗಿ ಜಿಲ್ಲೆಗೆಲ್ಲ ಹಬ್ಬುವದು. ಒಂದು ತಾಲೂಕಿನ ಚುನಾವಣೆಗೆ ನೆರೆಯ ತಾಲೂಕಿನ ಹೊಸ ಕಾಮಗಾರಿಯೂ ಕಾಯುವದು. ವಿಧಿವಶದಿಂದ ಬಂದಾಗ ಸಹಿಸಬೇಕಾದ ಇಂಥ ಭಾರವನ್ನು, ಬದುಕಿರುವ ಮನುಷ್ಯನೊಬ್ಬನ ಅನುಕೂಲಕ್ಕಾಗಿ ಏಕೆ ಹೊರಬೇಕು?

ಚುನಾವಣಾ ಆಯೋಗವು 2004ರಲ್ಲಿಯೇ ಒಂದು ಕ್ಷೇತ್ರದ ಮಿತಿಯನ್ನು ಕೇಳಿತು. ಅದಾಗದಿದ್ದರೆ, ಗೆದ್ದು ಬಿಡುವವರಿಂದ ವಿಧಾನಸಭೆಗೆ 5 ಲಕ್ಷ, ಲೋಕಸಭೆಗೆ 10 ಲಕ್ಷ ರೂಪಾಯಿಗಳನ್ನು ವಸೂಲು ಮಾಡಬೇಕೆಂದಿತು. ಕಾನೂನು ಆಯೋಗವು 2015ರ ವರದಿಯಲ್ಲಿ ಒಂದೇ ಕ್ಷೇತ್ರವೆಂದಿತು. 2023ರ ಫೆಬ್ರುವರಿಯಲ್ಲಿ ಸುಪ್ರೀಮ್ ಕೋರ್ಟು, ಇದು ಪಾರ್ಲಿಮೆಂಟು ನಿರ್ಧರಿಸಬೇಕಾದ ವಿಷಯವೆಂದು ಅರ್ಜಿಯನ್ನು ತಳ್ಳಿಹಾಕಿತು. ಹಣದ ಉಪಾಯವು ನಮಗೆ ಒಪ್ಪಿಗೆಯಿಲ್ಲ. ಎರಡು ಕಡೆ ನಿಲ್ಲುವ ಶಕ್ತಿಯುಳ್ಳವನಿಗೆ 5 ಲಕ್ಷವು ಯಾವ ಲೆಕ್ಕ?

ಇನ್ನುಳಿದದ್ದು ಪಾರ್ಲಿಮೆಂಟಿನ ಕೆಲಸ. 1951ರ ಕಾಯಿದೆಯ 33ನೆಯ ಕಲಮಿನ 7ನೆಯ ಉಪಕಲಮಿನಲ್ಲಿ ‘ಎರಡು’ ಇದ್ದಲ್ಲಿ ‘ಒಂದು’ ಎಂದಾಗಬೇಕು, ಇಷ್ಟೇ. ಬಸವಕಲ್ಯಾಣ, ಹುಮನಾಬಾದಗಳೆರಡೂ ಸೇರಿದ ಬೀದರ ಕ್ಷೇತ್ರದ ಲೋಕಸಭಾ ಸದಸ್ಯರು ಇದಕ್ಕೊಂದು ಖಾಸಗಿ ಮಸೂದೆಯನ್ನು ಮಂಡಿಸುವರೇ? ಅವರ ಉತ್ತರವನ್ನು ಈ ಅಂಕಣದಲ್ಲಿಯೇ ಪ್ರಕಟಿಸಲು ನಾವು ಸಿದ್ಧರಿದ್ದೇವೆ.