ಕೂಲಿ ಬಾಕಿಯಿಟ್ಟವರ ಬಾಯಲ್ಲಿ ನಿಷ್ಕಾಮ ಕರ್ಮ



ಕಾಯಕವನ್ನು ಕೈಲಾಸವೆಂದ ಮಾತನ್ನು ನಮ್ಮ ಭಾಗದಲ್ಲಿ ಅಂಗಡಿಯ ಫಲಕದಿಂದ ಟ್ರ್ಯಾಕ್ಟರಿನ ಹಣೆಯವರೆಗೆ ಬರೆಸಿ, ಕೆಳಗೆ ಬಸವಣ್ಣನವರ ಹೆಸರು ಹಾಕಿಸುತ್ತಾರೆ. ಆ ಮಾತಿರುವುದು ಆಯ್ದಕ್ಕಿ ಮಾರಯ್ಯನವರ ವಚನದಲ್ಲಿ. ಇದು ಕ್ಷಮಿಸಬಹುದಾದ ತಪ್ಪು. ಆದರೆ ಅದಕ್ಕೆ ಗೀತೆಯ ನಿಷ್ಕಾಮ ಕರ್ಮವನ್ನು ಗಂಟುಹಾಕಿ, ದುಡಿದವರು ಕೂಲಿ ಕೇಳಿದಾಗ ಫಲಾಪೇಕ್ಷೆ ಸಲ್ಲದೆಂದು ಉಪದೇಶಿಸುವುದನ್ನು ಕ್ಷಮಿಸಲಾಗದು.

ಸವದತ್ತಿ ಸೀಮೆಯ ಎರೆಹೊಲಗಳಲ್ಲಿ ಹತ್ತಿ ಬಿಡಿಸುವ ತಾಯಂದಿರನ್ನು ನೋಡಿರಿ. ಬುತ್ತಿ ಕಟ್ಟಿಕೊಂಡು ಹೋಗಿ, ಬೆರಳು ಗೀರಿಸಿಕೊಂಡು ದುಡಿದು ಸಂಜೆ ಪಗಾರ ಕೇಳಿದರೆ, "ಹತ್ತಿ ಮಾರಿದ ಮ್ಯಾಲ ನೋಡೂಣು ತಗೋವಾ" ಎನ್ನುವ ಯಜಮಾನರಿದ್ದಾರೆ. ಅವರೇ ಜಾತ್ರೆಯ ದಾಸೋಹದಲ್ಲಿ ನಡುವಿಗೆ ಟವೆಲ್ ಸುತ್ತಿ ಹುಗ್ಗಿ ಬಡಿಸುತ್ತಾರೆ. ಬಡಿಸಲಿ, ನಾನೂ ಬಡಿಸಿದ್ದೇನೆ. ಆದರೆ ಪರರ ಕೂಲಿಯನ್ನು ತಡೆಹಿಡಿದ ಹಣದ ಹುಗ್ಗಿ ದಾಸೋಹವೆನಿಸುವುದೆಂತು?

ಮಾರಯ್ಯನವರ ಕಥೆಯನ್ನೇ ನೋಡೋಣ. ಕಲ್ಯಾಣದಲ್ಲಿ ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಅವರ ಕಾಯಕ. ಒಂದು ದಿನ ವಾಡಿಕೆಗಿಂತ ಹೆಚ್ಚು ತಂದರು. ಈಸಕ್ಕಿ ನಮಗೇಕೆ, ಅಲ್ಲಿಯೇ ಸುರಿದು ಬನ್ನಿರೆಂದು ಲಕ್ಕಮ್ಮನವರು ಗದರಿದರು. ಈ ಕಥೆಯನ್ನು ನಿಃಸ್ವಾರ್ಥಕ್ಕೆ ಉದಾಹರಣೆಯಾಗಿ ಹೇಳುವವರು ಎರಡು ಸಂಗತಿಗಳನ್ನು ನುಂಗಿಬಿಡುತ್ತಾರೆ. ಮರಳಿಸಿದ್ದು ಹೆಚ್ಚಾದುದನ್ನು ಮಾತ್ರ; ದಿನದ ಅಕ್ಕಿ ಒಲೆಯ ಮೇಲೇರಿತು, ಅದರಿಂದಲೇ ದಾಸೋಹವೂ ನಡೆಯಿತು. ಫಲವನ್ನೇ ತೊರೆದಿದ್ದರೆ ಲಕ್ಕಮ್ಮನವರ ಗಡಿಗೆಯಲ್ಲಿ ಏನು ಬೇಯುತ್ತಿತ್ತು? ಇನ್ನು, ಅವರು ಕಡಿಮೆ ಮಾಡಿದ್ದು ತಮ್ಮ ಮನೆಯ ಪಾಲನ್ನು, ನೆರೆಮನೆಯ ಪಾಲನ್ನಲ್ಲ.

ಗೀತೆಗೂ ಅನ್ಯಾಯವಾಗಬಾರದು. ಶ್ರೀಕೃಷ್ಣನ ಉಪದೇಶ ಕರ್ಮ ಮಾಡುವವನಿಗೆ, ಅವನ ಮನಸ್ಸಿನ ಹದಕ್ಕೆ. ಸಾಲಗಾರನು ಅದನ್ನು ಸಾಲ ಕೊಟ್ಟವನಿಗೆ ಓದಿ ಹೇಳಲು ಅಲ್ಲಿ ಅಪ್ಪಣೆಯಿಲ್ಲ. ಫ. ಗು. ಹಳಕಟ್ಟಿಯವರು ವಕೀಲಿಯ ಗಳಿಕೆಯನ್ನೂ ಕೊನೆಗೆ ಮನೆಯನ್ನೂ ವಚನಗಳಿಗಾಗಿ ಕಳೆದುಕೊಂಡರು; ಅವರ 'ವಚನಶಾಸ್ತ್ರಸಾರ' 1923ರಲ್ಲಿ ನಮ್ಮ ಬೆಳಗಾವಿಯಲ್ಲೇ ಅಚ್ಚಾಯಿತು. ಅದು ನಿಷ್ಕಾಮ ಸೇವೆ, ಏಕೆಂದರೆ ತೆತ್ತವರು ಅವರೇ.

ಬನದ ಹುಣ್ಣಿಮೆ, ಭಾರತ ಹುಣ್ಣಿಮೆಗಳಿಗೆ ಎಲ್ಲಮ್ಮನ ಗುಡ್ಡದಲ್ಲಿ ಲಕ್ಷಾಂತರ ಜನ ಸೇರಿ ಚದುರಿದ ಮೇಲೆ, ಭಂಡಾರ ಮೆತ್ತಿದ ಹಾದಿಯನ್ನು ಗುಡಿಸುವ ಕೈಗಳಿವೆ. ಶರಣೆ ಸತ್ಯಕ್ಕನವರದೂ ಕಸ ಗುಡಿಸುವ ಕಾಯಕವೇ. ದಾರಿಯಲ್ಲಿ ಬಿದ್ದ ಹೊನ್ನನ್ನು ಮುಟ್ಟೆನೆಂದು ಆಕೆ ಪಣ ತೊಟ್ಟರು. ಬಿದ್ದ ಹೊನ್ನು ಪರರದು. ಗುಡಿಸಿದ ಕೂಲಿ ಗುಡಿಸಿದವಳದು. ಮೊದಲನೆಯದನ್ನು ತೋರಿಸಿ ಎರಡನೆಯದನ್ನು ಕಸಿಯುವುದು ವಚನದ ವ್ಯಾಖ್ಯಾನವಲ್ಲ, ಕಳವು.

ಮಠಗಳೂ ಈ ಮಾತಿಗೆ ಹೊರತಲ್ಲ. ಮಠದ ಅನ್ನ ಉಣ್ಣುವ ನಾನೇ ಇದನ್ನು ಹೇಳಬೇಕಾಗಿದೆ. ಜಾತ್ರೆಗೆ ಎರಡು ದಿನ ರೊಟ್ಟಿ ಬಡಿಯಲು ಬರುವ ತಾಯಿಯದು ಸೇವೆ. ವರ್ಷವಿಡೀ ಒಲೆಯ ಮುಂದೆ ನಿಂತು ಸಂಸಾರ ಸಾಗಿಸುವವನದು ಕಾಯಕ. ಇಬ್ಬರನ್ನೂ 'ಸೇವಕರು' ಎಂಬ ಒಂದೇ ಹೆಸರಿನಲ್ಲಿ ಬರೆದು ಎರಡನೆಯವನ ಸಂಬಳವನ್ನು ಮರೆಯುವ ವಾಡಿಕೆ ಎಲ್ಲಿದ್ದರೂ ನಿಲ್ಲಲಿ.

ಬರುವ ಜಾತ್ರೆಯ ಸೇವೆಗೆ ಹೆಸರು ಕೊಡುವ ಭಕ್ತರಲ್ಲಿ ಒಂದು ವಿನಂತಿ: ಹೊಲದ, ಅಂಗಡಿಯ ಕೂಲಿ ಬಾಕಿಯನ್ನು ತೀರಿಸಿ ಬನ್ನಿರಿ. ತಡವಾದರೂ ಚಿಂತೆಯಿಲ್ಲ, ಹುಗ್ಗಿಯ ಕೊಪ್ಪರಿಗೆ ಅಷ್ಟು ಹೊತ್ತು ಕಾಯುತ್ತದೆ.