ದುಡಿಮೆ ಅವರವರದು, ಆಸ್ಪತ್ರೆ ಎಲ್ಲರದು

ಗೆಳೆಯರೇ, ಬಂಡವಾಳಶಾಹಿ ಒಳ್ಳೇದೋ ಸಮಾಜವಾದ ಒಳ್ಳೇದೋ ಅಂತ ಕೇಳಿದರೆ ನಾನು ಚೀನಾದ ಶಿಯಾವ್‌ಗಾಂಗ್ ಹಳ್ಳಿಯನ್ನು ತೋರಿಸುತ್ತೇನೆ. ಅಲ್ಲಿ ಹೊಲವೆಲ್ಲ ಸಾಮೂಹಿಕ. ಎಷ್ಟು ದುಡಿದರೂ ಪಾಲು ಹೆಚ್ಚುಕಮ್ಮಿ ಒಂದೇ. ಅದಕ್ಕೇ ಮೈಬಗ್ಗಿಸಿ ದುಡಿಯೋರು ಕಮ್ಮಿಯಾದರು, ಹೊಟ್ಟೆಗೆ ಸಾಲದಾಯಿತು. 1978ರಲ್ಲಿ 18 ರೈತರು ಗುಟ್ಟಾಗಿ ಕರಾರು ಬರೆದು ಹೊಲವನ್ನು ಮನೆಮನೆಗೆ ಹಂಚಿಕೊಂಡರು. ಸರ್ಕಾರದ ಪಾಲು ಕೊಟ್ಟು ಮಿಕ್ಕಿದ್ದು ತಮಗೆ. ಮರುವರ್ಷವೇ ಬೆಳೆ ಭರ್ಜರಿಯಾಗಿ ಬಂತು.

ಹಾಗಂತ ಬಂಡವಾಳಶಾಹಿಯೇ ಗೆದ್ದಿತು ಅನ್ನಬೇಡಿ. 1980ರ ದಶಕದಲ್ಲಿ ಚೀನಾದಲ್ಲೆಲ್ಲ ಸಾಮೂಹಿಕ ಬೇಸಾಯ ನಿಂತಾಗ, ಅದರ ಹಣದಿಂದ ನಡೀತಿದ್ದ ಹಳ್ಳಿ ವೈದ್ಯ ವ್ಯವಸ್ಥೆಯೂ ಬಹುಪಾಲು ಕುಸಿಯಿತು. ಕಾಯಿಲೆ ಬಿದ್ದ ಬಡವರು ಕೈಯಿಂದಲೇ ದುಡ್ಡು ತೆರಬೇಕಾಯಿತು.

ನನ್ನ ಅಭಿಪ್ರಾಯ ಇಷ್ಟೇ: ದುಡಿಮೆಯ ಫಲ ದುಡಿದವರಿಗೇ ಸಿಗಲಿ. ಆಸ್ಪತ್ರೆ, ಶಾಲೆ ಮಾತ್ರ ಎಲ್ಲರದ್ದಾಗಿರಲಿ. ಗುರುಗಳೇ, ಗೆಳೆಯರೇ, ನೀವೇನಂತೀರಿ?